ದ್ವೀಪದ ಹೆಂಗಸರೂ ನಮ್ಮ ಡಬ್ಬಗಳೂ

ನಮ್ಮ ಅಡುಗೆಮನೆಯ ಕೆಳಗಿನ ಕಪಾಟನ್ನು ಹುಷಾರಾಗಿ ತೆರೆಯಬೇಕು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ನನಗೆ ನಾನೇ ಹೇಳಿಕೊಳ್ಳುವುದು ಮಾತ್ರ ಮರೆತುಹೋಗುತ್ತದೆ. ಇವತ್ತು ಬೆಳಿಗ್ಗೆ ಒಂದು ಡಬ್ಬ ಬೇಕಾಗಿ ಬಾಗಿಲು ಎಳೆದೆ, ಮುಚ್ಚಳಗಳೆಲ್ಲ ದಬದಬನೆ ಕಾಲ ಮೇಲೆ ಬಿದ್ದವು. ಡಬ್ಬಗಳಲ್ಲ, ಬರೀ ಮುಚ್ಚಳಗಳು. ಪರದೇಶದಲ್ಲಿ ಸಂಸಾರ ಹೂಡಿದ ಕನ್ನಡದ ಹೆಂಗಸಿನ ಮನೆಯಲ್ಲಿ ಡಬ್ಬಕ್ಕೂ ಮುಚ್ಚಳಕ್ಕೂ ಎಂದೂ ತಾಳೆಯಾಗುವುದಿಲ್ಲ, ನೀವೂ ನೋಡಿರುತ್ತೀರಿ. ಡಬ್ಬ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಅಲ್ಲೇ ನೆಲೆಸುತ್ತದೆ, ಮುಚ್ಚಳ ನಮ್ಮಲ್ಲಿ ವಿಧವೆಯಂತೆ ಕೂತಿರುತ್ತದೆ. ಬಿದ್ದವುಗಳಲ್ಲಿ ಒಂದನ್ನು ಎತ್ತಿ ಮೂಸಿ ನೋಡಿದೆ. ಎಷ್ಟು ಸಲ ತೊಳೆದರೂ ಪ್ಲಾಸ್ಟಿಕ್ಕು ಇಂಗನ್ನು ಬಿಟ್ಟುಕೊಡುವುದಿಲ್ಲ. ಆ ವಾಸನೆಯ ಹಿಂದೆ ಡರ್ಹಮ್ ಬಂತು, ಡರ್ಹಮ್ಮಿನ ಹಿಂದೆ ಜಬೀನಾ ಬಂದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಈ ವಯಸ್ಸಿನಲ್ಲಿ ನೆಲದ ಮೇಲೆ ಕೂತರೆ ಏಳುವುದು ಕಷ್ಟ, ಆದ್ದರಿಂದ ನೆನಪಿಸಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತು.

ಈ ಆಶ್‌ಬರ್ನಿಗೆ ಬರುವ ಮೊದಲು ನಾವು ಇಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿಯ ಡರ್ಹಮ್‌ನಲ್ಲಿದ್ದೆವು. ಕೋವಿಡ್ಡಿನ ಕಾಟ ಇನ್ನೂ ಪೂರ್ತಿ ಮುಗಿಯದ ಕಾಲ. ಗಂಡಂದಿರು ಬೆಡ್‌ರೂಮಿನಲ್ಲಿ ಮೀಟಿಂಗು, ಮಕ್ಕಳು ಡೈನಿಂಗ್ ಟೇಬಲ್ಲಿನ ಮೇಲೆ ಸ್ಕೂಲು, ನಾವು ಅಡುಗೆಮನೆಯಲ್ಲಿ ನಾವೇ. ಹೀಗೆ ಬಿಟ್ಟರೆ ತಲೆ ಕೆಡುತ್ತದೆ ಎಂದು ಕೆಲವರು ಸೇರಿ ಓದುಬಳಗ ಶುರುಮಾಡಿದೆವು. ಇದರ ಹುಟ್ಟಿಗೆ ಕಾರಣಳಾದವಳು ಶೈಲಜಾ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಮದುವೆಯಾಗಿ, ಕೆಲಸ ಮಾಡಲು ಬಿಡದ ಡಿಪೆಂಡೆಂಟ್ ವೀಸಾದಲ್ಲಿ ಬಂದು, ಕಲಿತದ್ದನ್ನೆಲ್ಲ ಎಲ್ಲಿ ಸುರಿಯಬೇಕೋ ತಿಳಿಯದೆ ಕಾಯುತ್ತಿದ್ದವಳು. ಆಕೆ ಒಂದು ದಿನ ವಾಟ್ಸಾಪ್ ಗುಂಪಿನ ಹೆಸರನ್ನೇ ಬದಲಾಯಿಸಿಬಿಟ್ಟಳು. ಅಲ್ಲಿಯವರೆಗೆ ‘ಡರ್ಹಮ್ ಲೇಡೀಸ್’ ಎಂದಿದ್ದದ್ದು ‘ಬಡತನ, ಹೆಣ್ಣು, ಉಳಿವು: ಕೆರಿಬಿಯನ್ ಕಥನ’ ಎಂದಾಯಿತು. ಅದೇ ಗುಂಪಿನಲ್ಲಿ ನಾವು ಇಡ್ಲಿ ಅಕ್ಕಿ ಎಲ್ಲಿ ಸೇಲಿದೆ ಎಂದೂ ಕೇಳಿಕೊಳ್ಳುತ್ತಿದ್ದೆವು, ಹಾಗಾಗಿ ಬಡತನದ ಹೆಸರಿನಡಿ ಸೋನಾ ಮಸೂರಿಯ ಫೋಟೋ ಬರುತ್ತಿತ್ತು.

ಕೆರಿಬಿಯನ್ ಎಂದರೆ ನಮಗೆ ಗೊತ್ತಿದ್ದುದು ಎರಡೇ ಸಂಗತಿ, ಕ್ರಿಕೆಟ್ಟು ಮತ್ತು ಕ್ರೂಸು. ನಾನು ಹೀಗೆ ಆ ದ್ವೀಪಗಳ ಕಾದಂಬರಿ ಓದುತ್ತಿದ್ದೇನೆ ಎಂದಾಗ ನಮ್ಮವರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಹಳೇ ಕಾಲದ ವೇಗದ ಬೌಲರುಗಳ ಹೆಸರನ್ನು ಸಹಸ್ರನಾಮದ ಹಾಗೆ ಹೇಳಿ, ಭಕ್ತಿಯಿಂದ ಮತ್ತೆ ತಲೆ ತಗ್ಗಿಸಿದರು. ಆ ಬೌಲರುಗಳನ್ನು ಹೆತ್ತ ತಾಯಂದಿರು ಏನು ಬೇಯಿಸಿ ಹಾಕಿ ಬೆಳೆಸಿದರು ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ ಬಿಡಿ.

ಓದಲು ಕೂತ ಮೇಲೆ ಗೊತ್ತಾಯಿತು, ಆ ಪುಸ್ತಕಗಳಲ್ಲಿ ಇದ್ದದ್ದು ಸಮುದ್ರವಲ್ಲ, ವಠಾರ. ಒಂದು ನಲ್ಲಿ, ಒಂದು ಅಂಗಳ, ಸುತ್ತ ಕೋಣೆಗಳು, ಕೋಣೆಗೊಬ್ಬ ಹೆಂಗಸು. ಗಂಡಸರು ಹಡಗಿಗೋ ಗಣಿಗೋ ಇನ್ನೊಬ್ಬಳ ಮನೆಗೋ ಹೋದವರು. ಒಬ್ಬಳು ಬಟ್ಟೆ ಒಗೆಯುತ್ತಾಳೆ, ಒಬ್ಬಳು ಕರಿದ ಮೀನು ಮಾರುತ್ತಾಳೆ, ಒಬ್ಬಳು ಬಾಡಿಗೆಗೆ ದಾರಿಯಾಗಲಿ ಎಂದು ಇಷ್ಟವಿಲ್ಲದ ಗಂಡಸೊಬ್ಬನನ್ನು ಇಟ್ಟುಕೊಂಡಿರುತ್ತಾಳೆ. ಜಗಳವಾಡಿದರೆ ಬೀದಿಗೆಲ್ಲ ಕೇಳಬೇಕು, ಹಸಿವಾದರೆ ಪಕ್ಕದ ಕೋಣೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ, ಇದ್ದದ್ದನ್ನು ಕೈಗೆ ತೆಗೆದುಕೊಂಡು ನಿಂತೇ ತಿನ್ನಬೇಕು. ಕೇಳುವುದೂ ಇಲ್ಲ, ಥ್ಯಾಂಕ್ಸೂ ಇಲ್ಲ. ಶೈಲಜಾ ಇದನ್ನು ‘ಬದುಕುಳಿಯುವ ತಂತ್ರ’ ಎಂದು ಕರೆದಳು. ನಾವು ಶೈಲಜಾಳ ಮನೆಯ ಹಿಂಬದಿಯ ಮರದ ಡೆಕ್ಕಿನ ಮೇಲೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತ, ಆ ಬಾಡಿಗೆಯ ಗಂಡಸನ್ನು ಇಟ್ಟುಕೊಂಡವಳು ಶೋಷಿತೆಯೋ ಸ್ವತಂತ್ರಳೋ ಎಂದು ಸಂಜೆಯವರೆಗೂ ಚರ್ಚೆ ಮಾಡಿದೆವು. ಬಜ್ಜಿ ಮುಗಿದದ್ದರಿಂದ ಚರ್ಚೆಯೂ ಮುಗಿಯಿತು.

ಆವತ್ತು ಒಂದು ಮಾತೂ ಆಡದೆ ಕೂತವಳು ಜಬೀನಾ. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ, ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದವಳು ಇಲ್ಲಿಗೆ ಬಂದು ಗಂಡನ ವೀಸಾದ ಬಾಲವಾಗಿ ವರ್ಷಗಳೇ ಕಳೆದಿದ್ದವು. ಮಗಳು ಸನಾ ಹೈಸ್ಕೂಲಿನಲ್ಲಿದ್ದಳು. ನಾವೆಲ್ಲ ಎದ್ದು ಚಪ್ಪಲಿ ಹುಡುಕುವಾಗ ಜಬೀನಾ ನನ್ನ ಪಕ್ಕ ಬಂದು ಮೆಲ್ಲಗೆ, ಆ ಹೆಂಗಸರು ಪುಣ್ಯವಂತರು ಅಕ್ಕ ಎಂದಳು. ಅಷ್ಟು ಬಡವರನ್ನು ಪುಣ್ಯವಂತರು ಎನ್ನುತ್ತಾಳಲ್ಲ, ಪುಸ್ತಕ ಸರಿಯಾಗಿ ಓದಿಲ್ಲವೇನೋ ಎಂದುಕೊಂಡೆ.

ಕೆಲವು ವಾರಗಳಾದ ಮೇಲೆ ವಿಷಯ ಹೊರಬಿತ್ತು. ಶೈಲಜಾಳ ಮಗಳಿಗೆ ಸನಾ ಹೇಳಿದ್ದು, ಅವಳು ತನ್ನ ತಾಯಿಗೆ ಹೇಳಿದ್ದು. ಜಬೀನಾಳ ಗಂಡ ಹೊಸ ಕೆಲಸವೆಂದು ಟೆಕ್ಸಾಸಿಗೆ ಹೋಗಿದ್ದು ನಮಗೆಲ್ಲ ಗೊತ್ತಿತ್ತು. ಅಲ್ಲಿ ಅವನಿಗೆ ಇನ್ನೊಂದು ಮನೆ ಇದೆ, ಇಲ್ಲಿಗೆ ಬಾಡಿಗೆ ಕಟ್ಟುವುದೊಂದನ್ನು ಬಿಟ್ಟು ಬೇರೆ ಯಾವ ನಂಟನ್ನೂ ಇಟ್ಟುಕೊಂಡಿಲ್ಲ ಎನ್ನುವುದು ಗೊತ್ತಿರಲಿಲ್ಲ. ಜಬೀನಾ ವರ್ಕ್ ಪರ್ಮಿಟ್ಟಿಗೆ ಅಪ್ಲೈ ಮಾಡಿ ಕಾಯುತ್ತಿದ್ದಳು. ಆ ಪರ್ಮಿಟ್ ನಿಂತಿದ್ದದ್ದು ಗಂಡನ ವೀಸಾದ ಮೇಲೆ, ಗಂಡನ ವೀಸಾ ಉಪಯೋಗಕ್ಕೆ ಬರುತ್ತಿದ್ದದ್ದು ಮದುವೆ ಇರುವವರೆಗೆ. ಜಗಳ ತೆಗೆದರೆ ಪರ್ಮಿಟ್ಟೂ ಹೋಗುತ್ತದೆ. ಸುಮ್ಮನಿದ್ದರೆ ಕಾಗದ ಬರುತ್ತದೆ, ಕಾಗದ ಬಂದರೆ ಕೆಲಸ, ಕೆಲಸ ಸಿಕ್ಕರೆ ಸನಾಳ ಓದು ಇಲ್ಲೇ ಮುಂದುವರಿಯುತ್ತದೆ. ಇಲ್ಲವಾದರೆ ಮೈಸೂರಿಗೆ ಹೋಗಿ ಅತ್ತೆಯ ಮನೆಯ ಮೂಲೆಯಲ್ಲಿ ಕೂತು, ನಿನ್ನಲ್ಲೇ ಏನೋ ತಪ್ಪಿರಬೇಕು ಎನ್ನಿಸಿಕೊಳ್ಳಬೇಕು. ಗಂಡ ಬೇಡ, ಅವನ ವೀಸಾ ಬೇಕು. ಬಾಡಿಗೆಗಾಗಿ ಗಂಡಸನ್ನು ಇಟ್ಟುಕೊಂಡ ದ್ವೀಪದ ಹೆಂಗಸಿನ ಬಗ್ಗೆ ಅಷ್ಟು ತೀರ್ಪು ಕೊಟ್ಟ ನಾವು ಈ ಸುದ್ದಿ ಕೇಳಿ ಬಾಯಿ ಮುಚ್ಚಿಕೊಂಡೆವು.

ಹೆಚ್ಚು ಹೊತ್ತು ಮುಚ್ಚಿಕೊಳ್ಳಲಿಲ್ಲ. ಸಹಾಯ ಮಾಡಬೇಕು ಎಂದು ಎಲ್ಲರೂ ಒಪ್ಪಿದೆವು. ಹಣ ಕೊಟ್ಟರೆ ಅವಳು ಮುಟ್ಟುವವಳಲ್ಲ. ಹಾಗಿದ್ದರೆ ಊಟ. ಅದೂ ಸಹಾಯದಂತೆ ಕಾಣಬಾರದು. ಅಂದಿನಿಂದ ಡರ್ಹಮ್ಮಿನ ಕನ್ನಡದ ಹೆಂಗಸರಿಗೆಲ್ಲ ಒಟ್ಟಿಗೇ ಅಡುಗೆಯ ಅಂದಾಜು ತಪ್ಪತೊಡಗಿತು. ನನ್ನ ಬಿಸಿಬೇಳೆಬಾತು ಹೆಚ್ಚಾಗಿಬಿಟ್ಟಿತು, ಶೈಲಜಾಳ ಹುಳಿ ಹೆಚ್ಚಾಗಿಬಿಟ್ಟಿತು, ಇನ್ನೊಬ್ಬರು ಚಪಾತಿಯನ್ನು ಯಾಕೆ ಅಷ್ಟು ಒತ್ತಿದರೋ ಅವರಿಗೇ ಗೊತ್ತಿಲ್ಲ. ಎಲ್ಲ ಡಬ್ಬಗಳೂ ಜಬೀನಾಳ ಅಪಾರ್ಟ್‌ಮೆಂಟಿನ ಬಾಗಿಲಿಗೆ ಹೋದವು. ಎಷ್ಟು ಸೂಕ್ಷ್ಮವಾಗಿ ಮಾಡಿದೆವು ಎಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ನಮ್ಮ ಕಡೆಯ ಪದ್ಧತಿಯೊಂದು ನಿಮಗೆ ಗೊತ್ತೇ ಇದೆ. ತಿಂಡಿ ತುಂಬಿ ಬಂದ ಡಬ್ಬವನ್ನು ಖಾಲಿ ಹಿಂತಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನನ್ನ ತಾಯಿಯ ಮನೆಯಲ್ಲೂ ಹಾಗೆಯೇ, ಜಬೀನಾಳ ಅಮ್ಮಿಯ ಮನೆಯಲ್ಲೂ ಹಾಗೆಯೇ. ಇದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ನನ್ನ ಬಿಸಿಬೇಳೆಬಾತಿನ ಡಬ್ಬ ಬಾದಾಮಿ ಹಲ್ವಾ ತುಂಬಿಕೊಂಡು ಬಂತು.

ಆ ಹಲ್ವಾದ ವಿಷಯ ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ತುಪ್ಪ ಬಿಟ್ಟುಕೊಂಡು ಬಾಣಲೆಯ ಅಂಚು ಬಿಡುವ ಹದ, ಕೇಸರಿಯ ಬಣ್ಣ, ಬಾಯಿಗಿಟ್ಟರೆ ಮಾತು ನಿಲ್ಲುತ್ತಿತ್ತು. ನಮ್ಮಲ್ಲಿ ಮೊಟ್ಟೆಯನ್ನೂ ಮುಟ್ಟದವರಿದ್ದಾರೆಂದು ಅವಳು ಸಿಹಿಗೆಂದೇ ಬೇರೆ ಬಾಣಲೆ ಇಟ್ಟುಕೊಂಡಿದ್ದಳು. ಶೈಲಜಾಳ ಡಬ್ಬದಲ್ಲಿ ಗಸಗಸೆ ಪಾಯಸ ಹೋಯಿತು, ಚಪಾತಿಯವರ ಡಬ್ಬದಲ್ಲಿ ಚಿರೋಟಿ. ವಾಟ್ಸಾಪಿನಲ್ಲಿ ‘ಬಡತನ, ಹೆಣ್ಣು, ಉಳಿವು’ ಎಂಬ ಹೆಸರಿನಡಿ ಚಿರೋಟಿಯ ಪದರಪದರಗಳ ಫೋಟೋ ಬಂತು. ಇಂಥ ಸಂಕಟದಲ್ಲೂ ಎಷ್ಟು ಲವಲವಿಕೆಯಿಂದಿದ್ದಾಳೆ ನೋಡಿ ಎಂದು ಮೆಚ್ಚಿಕೊಂಡು ನಾವು ಮತ್ತಷ್ಟು ಕಳಿಸಿದೆವು. ಮತ್ತಷ್ಟು ಬಂತು. ದಾನಧರ್ಮದಲ್ಲಿ ಎಂದೂ ಆಸಕ್ತಿ ತೋರದ ನಮ್ಮವರು ಮೀಟಿಂಗಿನ ನಡುವೆ ಮ್ಯೂಟ್ ಮಾಡಿ, ಇವತ್ತು ಜಬೀನಾ ಅವರ ಮನೆಗೆ ಏನೂ ಕಳಿಸುವುದಿಲ್ಲವೇ ಎಂದು ವಿಚಾರಿಸತೊಡಗಿದರು. ಕಷ್ಟದಲ್ಲಿರುವವರನ್ನು ಹೀಗೆ ಕೈಬಿಡಬಾರದು ಎಂದೂ ಸೇರಿಸುತ್ತಿದ್ದರು.

ಒಂದು ದಿನ ಇಂಡಿಯನ್ ಅಂಗಡಿಗೆ ಹೋಗಿದ್ದೆ. ಫ್ರೋಜನ್ ಪರೋಟದ ಕಡೆ ತಿರುಗಿದರೆ ಆ ತುದಿಯಲ್ಲಿ ಜಬೀನಾ. ಕೂಗಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಅವಳ ಗಾಡಿಯಲ್ಲಿ ಅಕ್ಕಿಯ ಚೀಲವೊಂದಿತ್ತು, ಕೈಯಲ್ಲಿ ಬಾದಾಮಿಯ ಪ್ಯಾಕೆಟ್ಟು. ಎರಡನ್ನೂ ನೋಡಿದಳು. ನೋಡುತ್ತ ನಿಂತಳು. ಆಮೇಲೆ ಅಕ್ಕಿಯ ಚೀಲವನ್ನು ಎರಡೂ ಕೈಯಿಂದ ಎತ್ತಿ ಮತ್ತೆ ಅದರ ಜಾಗದಲ್ಲಿಟ್ಟು, ಬಾದಾಮಿಯನ್ನು ಗಾಡಿಗೆ ಹಾಕಿಕೊಂಡು ಕೌಂಟರಿನ ಕಡೆ ಹೋದಳು. ನಾನು ಫ್ರೀಜರಿನ ಹಿಂದೆ ಅಡಗಿ ನಿಂತಿದ್ದೆ. ಆ ಬಾದಾಮಿ ಯಾರಿಗೆಂದು ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ನಮ್ಮ ಮನೆಯಿಂದ ಪೊಂಗಲ್ ಹೋಗಿತ್ತು. ನಾಚಿಕೆಯಾಯಿತು. ನಾವು ಅವಳಿಗೆ ಊಟ ಕೊಡುತ್ತಿರಲಿಲ್ಲ, ಅವಳ ಮನೆಯ ಅಕ್ಕಿಯನ್ನು ಡಬ್ಬ ಡಬ್ಬವಾಗಿ ತಿನ್ನುತ್ತಿದ್ದೆವು.

ಶೈಲಜಾಳಿಗೆ ಫೋನು ಮಾಡಿದೆ. ಬಳಗ ತುರ್ತಾಗಿ ಸೇರಿತು. ಇಷ್ಟು ವಿದ್ಯಾವಂತೆಯರು ಕೂಡಿದ ಮೇಲೆ ಪರಿಹಾರ ಸಿಗದಿರುತ್ತದೆಯೇ? ಡಬ್ಬವೇ ತಾನೇ ತೊಂದರೆ, ಹಿಂದಿರುಗಿಸುವ ಡಬ್ಬವೇ ಇಲ್ಲದಿದ್ದರೆ ಅದನ್ನು ತುಂಬುವ ಪ್ರಶ್ನೆಯೇ ಇಲ್ಲ ಎಂದು ಶೈಲಜಾ ತರ್ಕ ಮಂಡಿಸಿದಳು. ಪಾರ್ಟಿಗಳಲ್ಲಿ ಬಳಸಿ ಬಿಸಾಡುವ ಅಲ್ಯೂಮಿನಿಯಂ ಟ್ರೇಗಳನ್ನು ತಂದೆವು, ಅದರಲ್ಲಿ ವಾಂಗೀಬಾತು ತುಂಬಿ ಕಳಿಸಿದೆವು. ಸಮಸ್ಯೆ ಬಗೆಹರಿಯಿತೆಂದು ಆ ವಾರ ನಿಶ್ಚಿಂತೆಯಿಂದ ಮುಂದಿನ ಕಾದಂಬರಿಯನ್ನು ಕೈಗೆತ್ತಿಕೊಂಡೆವು.

ಟ್ರೇ ವಾಪಸು ಬಂತು. ಮೈಸೂರಿನಲ್ಲಿ ಬೆಳೆದ ಯಾವ ಹೆಂಗಸು ಗಟ್ಟಿಮುಟ್ಟಾದ ಟ್ರೇಯನ್ನು ಬಿಸಾಡುತ್ತಾಳೆ ಹೇಳಿ. ಉಜ್ಜಿ ತೊಳೆದು, ನೆಗ್ಗಿದ ಕಡೆಯೆಲ್ಲ ಬೆರಳಿನಿಂದ ಒತ್ತಿ ಸರಿಮಾಡಿ, ತುಂಬ ಶ್ಯಾವಿಗೆಯ ಸಿಹಿ ಮಾಡಿ ಮೇಲೆ ದ್ರಾಕ್ಷಿ ಗೋಡಂಬಿ ಹರಡಿದ್ದಳು. ಈ ಸಲ ಅವಳೇ ತಂದಿದ್ದಳು. ಕೂರಿಸಿ ಕಾಫಿ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟಳು.

“ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದಳು. “ನಿಮ್ಮೆಲ್ಲರ ಹೆಲ್ಪು ನಂಗೆ ತುಂಬಾ ದುಬಾರಿ ಆಗ್ತಿದೆ.”

ಹೇಳಿ ಅವಳೇ ನಕ್ಕಳು. ನನಗೆ ನಗಲು ಬರಲಿಲ್ಲ. “ಖಾಲಿ ಕಳಿಸ್ಬಿಡೆ ಜಬೀನಾ. ನಮ್ಮ ಹತ್ರ ಏನು ಫಾರ್ಮಾಲಿಟಿ?” ಎಂದೆ.

“ಖಾಲಿ ಕಳಿಸಿದ್ರೆ ನೀವು ಕೊಟ್ಟಿದ್ದು ದಾನ ಆಗತ್ತೆ ಅಕ್ಕ. ತುಂಬಿಸಿ ಕಳಿಸಿದ್ರೆ ನಾವಿನ್ನೂ ಫ್ರೆಂಡ್ಸು. ಇಲ್ಲಿ ನಂಗೆ ಉಳಿದಿರೋದು ಅಷ್ಟೇನೆ.”

ಆ ದ್ವೀಪದ ವಠಾರದಲ್ಲಿ ಎಲ್ಲರೂ ಬಡವರು, ಅದಕ್ಕೇ ಯಾರ ಪಾತ್ರೆಗೆ ಯಾರು ಕೈ ಹಾಕಿದರೂ ನಡೆಯುತ್ತದೆ ಎಂದಳು. ಇಲ್ಲಿ ತಾನೊಬ್ಬಳೇ ಬಡವಿ, ಒಬ್ಬಳೇ ಆದಾಗ ಬಹಳ ಖರ್ಚು ಬರುತ್ತದೆ ಎಂದಳು. ಪುಸ್ತಕವನ್ನು ಅವಳು ಸರಿಯಾಗಿಯೇ ಓದಿದ್ದಳು. ಅವಳು ಹೋದ ಮೇಲೆ ಆ ಶ್ಯಾವಿಗೆಯನ್ನು ತಿನ್ನಲೂ ಆಗದೆ ಬಿಸಾಡಲೂ ಆಗದೆ ಫ್ರಿಜ್ಜಿನಲ್ಲಿಟ್ಟೆ. ನಮ್ಮವರು ಮಾತ್ರ ಯಾವ ಧರ್ಮಸಂಕಟವೂ ಇಲ್ಲದೆ ಅದನ್ನು ಮುಗಿಸಿದರು.

ಡಬ್ಬ ಕಳಿಸುವುದನ್ನು ನಿಲ್ಲಿಸಿದೆವು. ನಾವು ಅವಳಿಗೆ ನಿಜವಾಗಿ ಮಾಡಿದ ಸಹಾಯ ಅದೊಂದೇ ಎಂದು ಈಗ ಅನ್ನಿಸುತ್ತದೆ, ಸಹಾಯ ನಿಲ್ಲಿಸಿದ್ದು. ಅವಳು ಇಲ್ಲಿನ ಲ್ಯಾಬುಗಳಿಗೆ ಬೇಕಾದ ಪರೀಕ್ಷೆಗೆ ಓದಿಕೊಂಡಳು. ಶೈಲಜಾ ಅವಳ ಎದುರಿಗೆ ಕೂತು ಪ್ರಶ್ನೆ ಕೇಳುತ್ತ, ತನಗೆ ಅರ್ಥವಾಗದ ರಕ್ತಕಣಗಳ ಹೆಸರುಗಳನ್ನು ಶುದ್ಧ ಬ್ರಿಟಿಷ್ ಉಚ್ಚಾರದಲ್ಲಿ ಓದುತ್ತಿದ್ದಳು. ಪರೀಕ್ಷೆಯ ಸೆಂಟರಿಗೆ ಅವಳನ್ನು ನಾನು ಕಾರಿನಲ್ಲಿ ಕರೆದುಕೊಂಡು ಹೋದೆ. ನನ್ನ ಒಂದು ಡಬ್ಬ, ಟ್ರೇಗಳಿಗೂ ಮೊದಲು ಕಳಿಸಿದ್ದರಲ್ಲಿ ಒಂದು, ಅವಳ ಬಳಿಯೇ ಉಳಿದಿತ್ತು. ನಾನು ಕೇಳಲಿಲ್ಲ, ಅವಳು ಆ ಮಾತು ಎತ್ತಲಿಲ್ಲ. ತುಂಬಲು ಏನೂ ಇಲ್ಲದೆ ಇಟ್ಟುಕೊಂಡಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ಪರ್ಮಿಟ್ ಬರುವ ಸುದ್ದಿಯಿರಲಿಲ್ಲ. ಸನಾ ಮೈಸೂರಿನ ಕಾಲೇಜುಗಳ ಬಗ್ಗೆ ವಿಚಾರಿಸತೊಡಗಿದ್ದಾಳೆಂದು ಶೈಲಜಾಳ ಮಗಳಿಂದ ಕೇಳಿ ಕಳವಳವಾಯಿತು.

ಪರ್ಮಿಟ್ ಬಂತು. ಸರ್ಕಾರಿ ಕಾಗದಗಳೆಲ್ಲ ಬರುವಂತೆ, ಎಲ್ಲರೂ ಆಸೆ ಬಿಟ್ಟ ಮೇಲೆ ಬಂತು. ಹಿಂದೆಯೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ನಾವು ಕುಣಿದಾಡಿದೆವು. ಅವಳು ಕುಣಿಯಲಿಲ್ಲ, ಸಂಜೆ ಪಾಳಿಗೆ ಓಡಬೇಕಾಗಿತ್ತು. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತಳು. ಕುತ್ತಿಗೆಯಲ್ಲಿ ಬ್ಯಾಡ್ಜು, ಕಾರು ಆಫ್ ಮಾಡಿರಲಿಲ್ಲ, ಕೈಯಲ್ಲಿ ನನ್ನ ಡಬ್ಬ. “ಸರಿಯಾಗಿ ತೊಳ್ದೂ ಇಲ್ಲ ಅಕ್ಕ, ಲೇಟ್ ಆಗ್ತಿದೆ,” ಎಂದು ಕೈಗಿತ್ತು ಹೊರಟೇಹೋದಳು.

ತೆರೆದು ನೋಡಿದೆ. ಖಾಲಿ. ಅಂಚಿನಲ್ಲಿ ಅರಿಶಿನದ ಕಲೆ, ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು. ಅಕ್ಕಿಗೂ ಗತಿಯಿಲ್ಲದ ದಿನಗಳಲ್ಲಿ ತುಂಬಿ ತುಳುಕುತ್ತ ಬರುತ್ತಿದ್ದದ್ದು, ಸಂಬಳ ಬರತೊಡಗಿದ ಮೇಲೆ ಹೀಗೆ ಬಂದಿತ್ತು. ನಾವು ಫ್ರೆಂಡ್ಸು ಎಂದು ತೋರಿಸಲು ಅವಳಿಗಿನ್ನು ಹಲ್ವಾ ಬೇಕಿರಲಿಲ್ಲ. ನನಗೆ ಅಳು ಬಂತು, ಸಂತೋಷದ್ದೇ. ಕಾರಿನ ಸದ್ದು ಕೇಳಿ ನಮ್ಮವರು ಮಹಡಿಯಿಂದ ಇಳಿದು ಬಂದು ಡಬ್ಬದೊಳಗೆ ಇಣುಕಿ, ಏನೂ ಇಲ್ಲವೇ ಎಂದರು. ಏನೂ ಇಲ್ಲ ಎಂದು ಅಷ್ಟು ಹೆಮ್ಮೆಯಿಂದ ನಾನು ಅವರಿಗೆ ಅದುವರೆಗೆ ಹೇಳಿದ್ದಿಲ್ಲ.

ಆಮೇಲೆ ನಾವು ಆಶ್‌ಬರ್ನಿಗೆ ಬಂದೆವು. ಮೂರು ಮಹಡಿಯ ಟೌನ್‌ಹೌಸು ಕೊಂಡೆವು, ಸುತ್ತಮುತ್ತಲಿನವರೆಲ್ಲ ಕೊಂಡಂತೆ. ಈ ವರ್ಷ ನಮ್ಮವರ ಕೆಲಸ ಹೋಯಿತು. ಮೊದಮೊದಲು ಬೇರೆ ಸಿಗುತ್ತದೆ ಎನ್ನುತ್ತಿದ್ದೆವು, ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇವೆ. ಉಳಿತಾಯವೆಲ್ಲ ಮನೆಸಾಲದ ಕಂತಿಗೆ ಹೋಗುತ್ತಿದೆ. ಇಲ್ಲಿನ ಬಡತನಕ್ಕೆ ಗ್ಯಾರೇಜು ಇರುತ್ತದೆ, ಆದ್ದರಿಂದ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. ಶೈಲಜಾಳಿಗೆ ಅದು ಹೇಗೋ ತಿಳಿಯಿತು. ನಿನ್ನೆ ಜಬೀನಾ ಫೋನು ಮಾಡಿ, ಶನಿವಾರ ಡರ್ಹಮ್‌ನಿಂದ ಬರುತ್ತಿದ್ದೇನೆ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ನಾನು ಕಪಾಟಿನಲ್ಲಿ ಡಬ್ಬ ಹುಡುಕುತ್ತಿದ್ದದ್ದು ಅದಕ್ಕೇ. ಅವಳು ಹೊರಡುವಾಗ ಬರಿಗೈಯಲ್ಲಿ ಕಳಿಸಬಾರದಲ್ಲ, ಮೈಸೂರು ಪಾಕ್ ಮಾಡಿ ಕೊಡೋಣ, ಇರುವ ತುಪ್ಪವನ್ನೆಲ್ಲ ಸುರಿದರೆ ಆದೀತು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟು ಓದಿ, ಅಷ್ಟು ಕಂಡು, ಅಷ್ಟು ನಾಚಿಕೊಂಡ ಮೇಲೂ ನನ್ನ ತಲೆಗೆ ಮೊದಲು ಬಂದದ್ದು ಅದೇ. ಮುಚ್ಚಳಗಳ ನಡುವೆ ಕೂತು ಇದನ್ನೆಲ್ಲ ಯೋಚಿಸುತ್ತಿದ್ದಾಗ ಫೋನು ಬಂತು. ಅವಳೇ. ಅಂಗಡಿಯಲ್ಲಿದ್ದೇನೆ, ನಾಳೆ ಬರುವಾಗ ಏನಾದರೂ ತರಲೇ ಎಂದು ಕೇಳಿದಳು.

ಏನೂ ಬೇಡಮ್ಮ, ಎಲ್ಲಾ ಇದೆ. ನಾಲಿಗೆಯ ಮೇಲೆ ಸಿದ್ಧವಾಗಿತ್ತು ಆ ಮಾತು. ನನ್ನ ತಾಯಿ ಹೇಳುತ್ತಿದ್ದದ್ದು, ನಾನು ಹೇಳುತ್ತ ಬಂದದ್ದು, ಮನೆಯಲ್ಲಿ ಏನೂ ಇಲ್ಲದಿರುವಾಗಲೇ ಹೆಚ್ಚು ಗಟ್ಟಿಯಾಗಿ ಹೇಳುವ ಮಾತು. ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟೆ.

“ಬೇಳೆ ಮುಗಿದಿದೆ ಜಬೀನಾ,” ಎಂದೆ. “ತಗೊಂಡ್ಬಾ.”

ಆ ಕಡೆಯಿಂದ ಗಾಡಿಯ ಚಕ್ರ ತಿರುಗಿದ ಸದ್ದು ಬಂತು.

“ತೊಗರಿಬೇಳೆ ತಾನೆ ಅಕ್ಕ?”

“ಹೂಂ. ದೊಡ್ಡ ಪ್ಯಾಕೆಟ್ಟೇ ತಗೊಂಡ್ಬಾ.”